ತೋರಿಸಿ ಸಿಸ್ಟರ್

ನಮ್ಮ ಬೀದಿಯ ಆರೋಗ್ಯ ಕೇಂದ್ರದ ನರ್ಸಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ನಾವು ಇಟ್ಟದ್ದು ‘ತೋರಿಸಿ ಸಿಸ್ಟರ್’ ಎಂದು. ಯಾರು ಏನೇ ಹೇಳಿಕೊಳ್ಳಲಿ, ಆಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ “ಎಲ್ಲಿ, ತೋರಿಸಿ” ಎನ್ನುವವಳು. ಹೇಳಿದ್ದನ್ನು ನಂಬುವ ಕೆಲಸವನ್ನು ಆಕೆ ಡಾಕ್ಟರಿಗೆ ಬಿಟ್ಟಿದ್ದಳು.

ನನ್ನವರು ತೀರಿಹೋದ ಮೇಲೆ ನಾನಿದ್ದದ್ದು ವಾರಗಿತ್ತಿಯ ಮನೆಯಲ್ಲಿ. ಅಕ್ಕ ಎಂದೇ ಕರೆಯುತ್ತಿದ್ದೆ. ಶುಚಿ ಎಂದರೆ ಅಕ್ಕ. ಸೋಪನ್ನೇ ತೊಳೆದು ಇಡುವ ಹೆಂಗಸು. ಬೇರೆಯವರ ಮನೆಗೆ ಹೋದರೆ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಬಾಯಾರಿಕೆ ಇಲ್ಲ ಎನ್ನುವಳು. ಅಂಥ ಮನೆಯೊಳಗೆ ಸಿಸ್ಟರ್ ಮೊದಲು ಕಾಲಿಟ್ಟದ್ದು ಅಕ್ಕನ ಮಗಳ ಮೊಡವೆಗಾಗಿ. ಆ ಹುಡುಗಿ ಡಾಕ್ಟರ್ ಬರೆದ ಮುಲಾಮನ್ನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡಿದ್ದಳು. ಮುಖ ಕೆಂಪಾಗಿ ಸಿಪ್ಪೆ ಏಳುತ್ತಿತ್ತು.

“ಬೇಗ ಹೋಗಲಿ ಅಂತ ಹಚ್ಚಿದೆ, ಸಿಸ್ಟರ್.”

“ಹೋಯ್ತಲ್ಲಮ್ಮ, ಜೊತೆಗೆ ಚರ್ಮಾನೂ ಹೊರಟಿದೆ. ಉರಿ ಇಳಿಯೋವರೆಗೂ ಅದನ್ನ ಮುಟ್ಟಬೇಡ. ಆಮೇಲೂ ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ, ಮಲಗೋ ಮುಂಚೆ. ಬಿಸಿಲಲ್ಲಿ ಮೆರವಣಿಗೆ ಬೇಡ.”

ಮೊಡವೆ ಮರ್ಯಾದಸ್ಥರಿಗೂ ಬರುತ್ತದೆ, ಆದ್ದರಿಂದ ಅಕ್ಕ ಸುಮ್ಮನಿದ್ದಳು. ಮರುವರ್ಷ ಮನೆಗೆ ಬಂದದ್ದು ಕಜ್ಜಿ.

ಮೊದಲು ಕಂಡದ್ದು ಎಂಟು ತಿಂಗಳ ಮೊಮ್ಮಗನ ಅಂಗಾಲಿನಲ್ಲಿ. ಸೊಸೆ ಅದೇ ತಿಂಗಳು ತವರಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದಳು. ಇನ್ನೇನು ಬೇಕು? ಡಾಕ್ಟರಿಗಿಂತ ಮುಂಚೆ ಅಕ್ಕ ಕಾಯಿಲೆಯ ಊರು, ಮನೆ, ಬಾಗಿಲು ಎಲ್ಲ ಕಂಡುಹಿಡಿದಳು.

ಸಿಸ್ಟರ್ ಮುಲಾಮಿನ ಟ್ಯೂಬುಗಳನ್ನು ತಂದು ಎಲ್ಲರನ್ನೂ ಕೂರಿಸಿ ಹೇಳಿದಳು. “ತುರಿಕೆ ಇರೋರು, ಇಲ್ಲದೋರು, ಎಲ್ಲರೂ ಒಂದೇ ದಿನ ಹಚ್ಚಬೇಕು. ಕುತ್ತಿಗೆಯಿಂದ ಅಂಗಾಲಿನವರೆಗೂ, ಬೆರಳ ಸಂದಿ, ಉಗುರಿನ ಕೆಳಗೂ. ಮಗುವಿಗೆ ತಲೆಗೂ ಹಚ್ಚಿ, ಕಣ್ಣು ಬಾಯಿ ಬಿಟ್ಟು. ಕೈಗೆ ಕಾಲುಚೀಲ ಹಾಕಿ, ಇಲ್ಲಾಂದ್ರೆ ಚೀಪುತ್ತೆ. ಸಾಯಂಕಾಲ ಹಚ್ಚಿ ಬೆಳಿಗ್ಗೆ ಸ್ನಾನ. ಬಟ್ಟೆ, ಹಾಸಿಗೆ ಬಿಸಿನೀರಲ್ಲಿ. ವಾರ ಬಿಟ್ಟು ಇನ್ನೊಂದು ಸಲ. ತುರಿಕೆ ಇನ್ನೂ ಎರಡು ಮೂರು ವಾರ ಇರುತ್ತೆ, ಹೆದರಬೇಡಿ. ಹೊಸ ಗುಳ್ಳೆ ಎದ್ದರೆ ಕರೀರಿ.”

ಹಚ್ಚುವ ಕೆಲಸವನ್ನು ಅಕ್ಕನೇ ವಹಿಸಿಕೊಂಡಳು. ಬೇರೆಯವರ ಕೈಗೆ ಕೊಟ್ಟರೆ ಅದು ಶುದ್ಧವಾಗಿ ನಡೆಯುತ್ತದೆಯೇ? ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾತ್ರೆ ಉಜ್ಜಿದ ಹಾಗೆ ಉಜ್ಜಿದಳು. ಎರಡು ಸುತ್ತೂ ಮುಗಿದವು. ನಮ್ಮ ಮೈಯ ತುರಿಕೆ ತಣ್ಣಗಾಯಿತು. ಆದರೆ ತಿಂಗಳಾಗುವ ಹೊತ್ತಿಗೆ ಮಗುವಿನ ಹೊಟ್ಟೆಯ ಮೇಲೆ ಹೊಸ ಗುಳ್ಳೆಗಳು.

ಅಕ್ಕ ಸೊಸೆಯ ಕಡೆ ಕೈ ತೋರಿಸಿ ಮಗನಿಗೆ ತೀರ್ಪು ಕೊಟ್ಟಳು. “ಇವಳ ಮೈಯಿಂದ ಇದು ಹೋಗಲ್ಲ. ಭಾನುವಾರ ತವರಿಗೆ ಬಿಟ್ಟು ಬಾ. ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ. ಮಗು ಇಲ್ಲೇ ಇರುತ್ತೆ.”

ಮಗ, ಅಚ್ಚುಕೂಟದಲ್ಲಿ ದಿನಕ್ಕೆ ಸಾವಿರ ಹಾಳೆ ಮಾತು ಅಚ್ಚು ಹಾಕುವವನು, ಒಂದಕ್ಷರ ಆಡಲಿಲ್ಲ. ಎದೆಹಾಲು ಕುಡಿಯುವ ಮಗುವನ್ನು ಬಿಟ್ಟು ಹೋಗಬೇಕಾದ ಸೊಸೆ ಗೋಡೆಗೆ ಒರಗಿ ನಿಂತಳು. ನಾನೂ ಅನ್ನ ಹಾಕುವವರ ಮುಂದೆ ಸುಮ್ಮನಿದ್ದೆ. ಆದರೆ ಶನಿವಾರ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಹೊಸ ಗುಳ್ಳೆಯ ಸುದ್ದಿ ಹೇಳಿ ಬಂದೆ.

ಮಧ್ಯಾಹ್ನವೇ ಸಿಸ್ಟರ್ ಬಂದಳು. ಸೊಸೆಯ ಕೈ ಹಿಡಿದು ಬೆರಳು ಬಿಡಿಸಿ ನೋಡಿದಳು. ಕ್ಲೀನು. ಮಗನದೂ ಮಗಳದೂ ನನ್ನದೂ ಕ್ಲೀನು.

“ನಿಮ್ಮದು ತೋರಿಸಿ, ಅಮ್ಮಾ.”

“ನನ್ನದೇನು ನೋಡ್ತೀರಿ? ಸೋಪಿಗೆ ಒಡೆದಿರೋದು ಅಷ್ಟೆ.”

“ಸೋಪಿಗೆ ಒಡೆದದ್ದು ನೋಡೋಕೆ ನಂಗೆ ಬಹಳ ಇಷ್ಟ. ತೋರಿಸಿ.”

ಬೆರಳ ಸಂದಿಗಳಲ್ಲಿ ದಾರ ಎಳೆದಂಥ ಸಣ್ಣ ಗೆರೆಗಳು, ಪಕ್ಕದಲ್ಲಿ ಗುಳ್ಳೆ. ಸಿಸ್ಟರ್ ಬಹಳ ಮೆತ್ತಗೆ ಕೇಳಿದಳು. “ಎಲ್ಲರಿಗೂ ಮುಲಾಮು ಹಚ್ಚಿದ್ದು ಯಾರು?”

“ನಾನೇ. ನನಗೂ ಹಚ್ಚಿಕೊಂಡೆ.”

“ಹಚ್ಚಿ ಆದಮೇಲೆ?”

ಅಕ್ಕನಿಗೆ ಬೇಕಾದ ಪ್ರಶ್ನೆ ಕೊನೆಗೂ ಬಂತು. ಹೆಮ್ಮೆಯಿಂದ ಹೇಳಿದಳು, “ಆ ಕೈಲಿ ಅಡುಗೆಮನೆಗೆ ಹೋಗ್ತಾರೇನ್ರೀ? ಮೂರು ಸಲ ಸೋಪು ಹಾಕಿ ತೊಳೆದೆ. ಎರಡು ಸಲಾನೂ.”

“ಮತ್ತೆ ಹಚ್ಚಿಕೊಂಡ್ರಾ?”

ಅಕ್ಕ ನಲ್ಲಿಯ ಕಡೆ ನೋಡಿದಳು. ಆ ಮನೆಯಲ್ಲಿ ಮಗುವನ್ನು ದಿನವೂ ಸ್ನಾನ ಮಾಡಿಸಿ ಒರೆಸುತ್ತಿದ್ದ ಕೈ ಯಾವುದು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಸಿಸ್ಟರ್ ಗೆದ್ದೆ ಎನ್ನಲಿಲ್ಲ. ಅಂಥ ಒಳ್ಳೆ ಅವಕಾಶ ನನಗೆ ಸಿಕ್ಕಿದ್ದರೆ ನಾನು ಬಿಡುತ್ತಿರಲಿಲ್ಲ. ಆಕೆ ಚೀಟಿ ಬರೆಯುತ್ತ ಹೇಳಿದಳು, “ಇವತ್ತು ಸಾಯಂಕಾಲ ಮತ್ತೆ ಎಲ್ಲರಿಗೂ, ವಾರ ಬಿಟ್ಟು ಇನ್ನೊಮ್ಮೆ. ಅಲ್ಲಿವರೆಗೆ ಈ ಮನೆಯಿಂದ ಯಾರೂ ಎಲ್ಲಿಗೂ ಹೋಗಿ ಉಳಿಯೋ ಹಾಗಿಲ್ಲ. ಒಬ್ಬರು ತಪ್ಪಿದರೂ ಎಲ್ಲಾ ಮೊದಲಿಂದ. ಕೈ ತೊಳೆದ್ರೆ ಕೈಗೆ ಮತ್ತೆ ಮುಲಾಮು. ಅಮ್ಮಂಗೆ ಸೊಸೆ ಹಚ್ಚಲಿ. ತೊಳೆಯದ ಹಾಗೆ ಕಾವಲೂ ಇರಲಿ.”

ಆ ಸಾಯಂಕಾಲ ಅಕ್ಕ ಎರಡೂ ಕೈ ಚಾಚಿಕೊಂಡು, ನೀರು ಕಂಡರೂ ಮುಟ್ಟಲಾಗದೆ, ಮಂಚದ ಮೇಲೆ ಕೂತಿದ್ದಳು. ಸೊಸೆ ಒಂದೊಂದೇ ಬೆರಳು ಬಿಡಿಸಿ ಹಚ್ಚಿದಳು. ಕ್ಷಮೆ ಕೇಳುವ ಅಭ್ಯಾಸ ಅಕ್ಕನಿಗೆ ಇರಲಿಲ್ಲ, ಕಲಿಯುವ ವಯಸ್ಸೂ ಅದಲ್ಲ. ಗದರಿಸುವ ದನಿಯಲ್ಲೇ ಅಂದಳು:

“ನಿಧಾನಕ್ಕೆ ಹಚ್ಚೇ. ಮಗು ಅಳ್ತಿದೆ, ಮೊದಲು ಅದಕ್ಕೆ ಹಾಲು ಕೊಟ್ಟು ಬಾ. ನಾನೇನು ಎಲ್ಲಿಗೂ ಓಡಿಹೋಗಲ್ಲ.”