ನಿನ್ನೆಯದನ್ನು ಕೇಳದ ಕಾಕು

ಸಂಜೆ ದೀಪ ಹಚ್ಚುವ ಮೊದಲು ಕಾಕು ಬಾಗಿಲ ಬೆಳಕಿಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಅಂಗೈಯಗಲದ ಕನ್ನಡಿಯಲ್ಲಿ ತಮ್ಮ ಅಂಗಾಲು ನೋಡಿಕೊಳ್ಳುತ್ತಿದ್ದರು. ಬಲಗಾಲನ್ನು ಎಡತೊಡೆಯ ಮೇಲೆ ಎತ್ತಿಟ್ಟು, ಮೊದಲು ಹಿಮ್ಮಡಿಯ ಬಿರುಕು, ಆಮೇಲೆ ಪಾದದ ಅಂಚು, ಕೊನೆಗೆ ಬೆರಳ ಸಂದು. ಆ ಕಾಲಿನಲ್ಲಿ ಮೂರೇ ಬೆರಳಿದ್ದವು. ಕಿರುಬೆರಳೂ ಅದರ ಪಕ್ಕದ್ದೂ ಇದ್ದ ಜಾಗದಲ್ಲಿ ಚರ್ಮ ಬಿಗಿದು, ನುಣ್ಣಗೆ ಹೊಳೆಯುತ್ತಿತ್ತು. ನೋಡಿ ಮುಗಿಸಿ, "ಇವತ್ತ ಏನೂ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಏಳುತ್ತಿದ್ದರು. ಆ ಮಾತು ಬರುವ ತನಕ ಎದುರು ಮನೆಯ ಕಿಟಕಿಯಲ್ಲಿ ನಿಂತ ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ.

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಎದುರು ಮನೆ ಅವರದು. ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಹೆಂಗಸರ ಬ್ಲೌಸು ಹೊಲಿಯುತ್ತಿದ್ದರು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇದ್ದ ಗದ್ದಲದ ಮನೆ. ಕಾಕು ಎಂದರೆ ಚಿಕ್ಕಮ್ಮ, ಆದರೆ ನನಗೆ ಅವರು ರಕ್ತಸಂಬಂಧಿಯಲ್ಲ. ಓಣಿಗೆಲ್ಲ ಕಾಕು, ಹಾಗಾಗಿ ನನಗೂ ಕಾಕು. ಅಳತೆ ತೆಗೆದುಕೊಳ್ಳುವಾಗ ಯಾರ ಸೊಂಟದ ಅಳತೆಯನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟೇಪು ಹಿಡಿದು, ಕಣ್ಣು ಕಿರಿದು ಮಾಡಿ, ಚೀಟಿಯಲ್ಲಿ ಬರೆದು ಮಡಚಿಡುವುದು, ಅಷ್ಟೆ.

ಆ ಎರಡು ಬೆರಳು ಹೋದದ್ದು ಒಂದು ಸೂಜಿಯಿಂದ. ಮಷೀನಿನ ಸೂಜಿ ಮುರಿದು ತುದಿ ಎಲ್ಲೋ ಬಿದ್ದಿತ್ತು. ಬರಿಗಾಲಲ್ಲಿ ತುಳಿದರೂ ಅವರಿಗೆ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಅವರ ಪಾದದ ಸ್ಪರ್ಶವನ್ನು ಮೊದಲೇ ತಿಂದುಹಾಕಿತ್ತು. ಮೂರನೆಯ ದಿನ ನೆಲ ಒರೆಸುತ್ತಿದ್ದ ಸೊಸೆ ಫರ್ಸಿಕಲ್ಲಿನ ಮೇಲೆ ಕೆಂಪು ಹೆಜ್ಜೆಗಳನ್ನು ಕಂಡು ಕಿರುಚಿದಾಗಲೇ ಎಲ್ಲರಿಗೂ ತಿಳಿದದ್ದು. ಅಷ್ಟರಲ್ಲಿ ಗಾಯ ಕೊಳೆತು ಬೆರಳು ಕತ್ತರಿಸಬೇಕಾಯಿತು.

ನನ್ನ ಅವ್ವ ಹೋದದ್ದೂ ಅದೇ ಕಾಯಿಲೆಯಿಂದ. ಕಿಡ್ನಿ ಕೆಟ್ಟು, ಕೊನೆಯ ಎರಡು ವರ್ಷ ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಕಲಬುರಗಿಗೆ ಕರೆದೊಯ್ಯಬೇಕಿತ್ತು. ಅದಕ್ಕಾಗಿ ಅವಳ ತೋಳಿನಲ್ಲಿ ರಕ್ತನಾಳ ಕೂಡಿಸಿದ್ದರು. ಅಲ್ಲಿ ಕೈಯಿಟ್ಟರೆ ಒಳಗೆ ಜೇನುಹುಳ ಸಿಕ್ಕಿಬಿದ್ದಂತೆ ಗುಂಯ್‌ಗುಡುತ್ತಿತ್ತು. ಅವಳು ತೀರಿಕೊಂಡ ಮರುವರ್ಷ, ನಲವತ್ತೊಂದನೆಯ ವಯಸ್ಸಿಗೆ, ನನಗೂ ಶುಗರ್ ಬಂತು. ನಾನು ಹುಮನಾಬಾದಿನ ಒಂದು ಶಾಲೆಯಲ್ಲಿ ಗುಮಾಸ್ತೆ, ದಿನಾ ಬಸ್ಸಿನಲ್ಲಿ ಹೋಗಿಬರುವವಳು. ರಿಪೋರ್ಟು ಕೈಗೆ ಬಂದ ದಿನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಬಸವಕಲ್ಯಾಣದ ಎರಡು ಬಸ್ಸು ಕಣ್ಣೆದುರೇ ಹೋದವು. ನಾನು ಏಳಲಿಲ್ಲ. ನನ್ನ ತೋಳನ್ನೇ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದೆ.

ಸುದ್ದಿ ಕಾಕುಗೆ ಹೇಗೆ ಗೊತ್ತಾಯಿತೋ, ಮರುದಿನ ಮುಂಜಾನೆ ಐದೂವರೆಗೆ ಬಾಗಿಲು ಬಡಿದರು.

"ನಡಿ ಯವ್ವಾ, ಕೆರಿ ತನಕ ಹೋಗಿ ಬರಮು."

"ಕಾಕು, ನಂಗ ಭಾಳ ಅಂಜಿಕಿ ಆಗ್ಯಾದ್ರಿ. ಅವ್ವನಂಗ ಆದ್ರ ಹ್ಯಾಂಗ?"

ಬೇರೆಯವರೆಲ್ಲ ಅಂಜಬೇಡ ಅನ್ನುತ್ತಿದ್ದರು. ಕಾಕು ಹಾಗೆ ಅನ್ನಲಿಲ್ಲ. "ಅಂಜಿಕಿ ಆಗೋದೇ ಅದು. ನಂಗೂ ದಿನಾ ಮುಂಜಾನಿ ಕಣ್ಣು ತೆರದ್ರ ಅಂಜಿಕಿ ಬರ್ತದ. ಅದು ಹೋದ ಮ್ಯಾಲ ಏಳ್ತೀನಿ ಅಂದ್ರ ನಾ ಹಾಸಿಗ್ಯಾಗೇ ಇರಬೇಕಾಗ್ತದ. ಲಗೂನ ಬಾ, ಬಿಸಿಲು ಬರ್ತದ" ಎಂದರು.

ತ್ರಿಪುರಾಂತ ಕೆರೆಯ ಕಡೆ ನಮ್ಮ ನಡಿಗೆ ಶುರುವಾದದ್ದು ಹೀಗೆ. ಕಾಕು ದಪ್ಪ ಅಡಿಯ ಕರಿ ಬೂಟು ಹಾಕುತ್ತಿದ್ದರು. ಹಾಕುವ ಮೊದಲು ತಲೆಕೆಳಗು ಮಾಡಿ ಜಾಡಿಸಿ, ಒಳಗೆ ಕೈಹಾಕಿ ತಡವಿ ನೋಡುವರು. ದಾರಿಯಲ್ಲಿ ಶುಗರ್ ಇಳಿದುಬಿಟ್ಟರೆ ಇರಲಿ ಎಂದು ಸೆರಗಿನ ತುದಿಯಲ್ಲಿ ಒಂದು ಪೆಪ್ಪರಮಿಂಟು ಗಂಟು ಹಾಕಿಕೊಂಡಿರುತ್ತಿದ್ದರು. ನಡಿಗೆ ನಿಧಾನ. ನಾನು ಹೆದರಿಕೆಯಿಂದ ಓಡುವವಳಂತೆ ಮುಂದೆ ಹೋದರೆ, "ಒಂದೇ ದಿನದಾಗ ಎಲ್ಲಾ ನಡದು ಮುಗಸ್ತೀಯೇನು? ನಾಳಿಗೂ ಥೋಡೆ ದಾರಿ ಇಡು" ಎಂದು ಹಿಂದಿನಿಂದ ಕೂಗುವರು.

ನನ್ನ ಅಡಿಗೆಮನೆಗೂ ಬಂದರು. ಅನ್ನ ಕಡಿಮೆ, ಜೋಳದ ರೊಟ್ಟಿ ಒಂದೂವರೆ, ತಾಟಿನ ಅರ್ಧ ಭಾಗ ಪುಂಡಿಪಲ್ಯವೋ ಮೆಂತ್ಯಸೊಪ್ಪೋ. ಸಕ್ಕರೆ ಇಲ್ಲದ ಚಹಾ ಮೊದಲ ಸಲ ಕುಡಿದು ನಾನು ಮುಖ ಕಿವುಚಿದಾಗ, "ಎಂಟು ದಿನ ಔಷಧ ಅಂತ ಕುಡಿ. ಒಂಬತ್ತನೇ ದಿನ ತಾನೇ ಚಹಾ ಆಗ್ತದ" ಎಂದರು. ಆಯಿತು ಕೂಡ. ಎಂಟು ತಿಂಗಳಲ್ಲಿ ಶುಗರ್ ಇಳಿಯಿತು. ಸಡಿಲವಾದ ನನ್ನ ಹಳೆಯ ಬ್ಲೌಸುಗಳನ್ನು ಕಾಕು ಒಳಗೆ ಹಿಡಿದು ಹೊಲಿದುಕೊಟ್ಟರು.

ಆಮೇಲೆ ಮನ್ನಾಏಖೇಳ್ಳಿಯಲ್ಲಿ ಅಕ್ಕನ ಮಗಳ ಮದುವೆ ಬಂತು. ಮೊದಲ ದಿನ ಎಲ್ಲರ ಒತ್ತಾಯಕ್ಕೆ ಒಂದು ಹೋಳಿಗೆ ತಿಂದೆ. ಎರಡನೆಯ ದಿನ ಹೇಗೂ ನೇಮ ಮುರಿದಿದೆ ಎಂದು ಎರಡು ತಿಂದೆ. ನಾಲ್ಕನೆಯ ದಿನ ಯಾರೂ ಒತ್ತಾಯಿಸಬೇಕಿರಲಿಲ್ಲ. ಊರಿಗೆ ಬಂದ ಮೇಲೆ ಕಾಲು ಉಳುಕಿತು, ಶಾಲೆಯಲ್ಲಿ ಪ್ರವೇಶದ ಕೆಲಸ ಬಂತು. ಇವೆಲ್ಲ ನೆವ. ನಿಜವೆಂದರೆ ಲ್ಯಾಬಿನ ಬೋರ್ಡು ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದೆ. ರಕ್ತ ಕೊಟ್ಟರೆ ಎಷ್ಟು ಏರಿದೆ ಎಂದು ತಿಳಿಯುತ್ತದೆ, ಕೊಡದಿದ್ದರೆ ತಿಳಿಯುವುದಿಲ್ಲ. ತಿಳಿಯದಿರುವುದರಲ್ಲೇ ಬಚ್ಚಿಟ್ಟುಕೊಂಡೆ.

ಕಾಕು ದಿನಾ ಬಾಗಿಲಿಗೆ ಬಂದರು. ನಾನು ಒಳಗಿನಿಂದಲೇ "ಇವತ್ತ ಆಗಂಗಿಲ್ರಿ ಕಾಕು" ಅನ್ನುತ್ತಿದ್ದೆ. ಕೆಲವೊಮ್ಮೆ, ಮಲಗಿದ್ದಾಳೆ ಎಂದು ಗಂಡನಿಂದ ಹೇಳಿಸುತ್ತಿದ್ದೆ. ಅವರು ಒಂದು ದಿನವೂ ಬೈಯಲಿಲ್ಲ, ಒಂದು ದಿನವೂ ಬರುವುದು ಬಿಡಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಬಾಗಿಲು ತೆರೆದೆ. ಕಟ್ಟೆಯ ಮೇಲೆ ಕೂತಿದ್ದರು.

"ನಿಮಗ ಮಾರಿ ತೋರಸಾಕ ನಾಚಿಕಿ ಆಗಾಕತ್ತದ್ರಿ ಕಾಕು. ಇಷ್ಟು ದಿನ—"

"ನಿನ್ನಿ ದಿನದ್ದು ನಾ ಕೇಳೇನೇನು? ಇವತ್ತ ಬರ್ತಿಯೋ ಇಲ್ಲೋ, ಅಷ್ಟ ಹೇಳು."

ಮತ್ತೆ ನಡೆಯತೊಡಗಿದೆ. ಆದರೆ ಲ್ಯಾಬಿಗೆ ಹೋಗಲಿಲ್ಲ. "ಟೆಸ್ಟ್ ಮಾಡಿಸ್ದೇನು?" ಎಂದು ಅವರು ಕೇಳಿದರೆ "ಹೌದ್ರಿ, ಬರೋಬ್ಬರಿ ಅದ" ಎನ್ನುತ್ತಿದ್ದೆ. ಅವರು ನಂಬಿದರು. ಒಂದು ವರ್ಷ ಹಾಗೆಯೇ ನಂಬಿಸಿದೆ.

ಆ ವರ್ಷದೊಳಗೇ, ಬೇಸಿಗೆಯಲ್ಲಿ, ಕಾಕು ಮಗನ ಸಂಸಾರದ ಜೊತೆ ಹುಮನಾಬಾದಿನ ಪಕ್ಕದ ಮಾಣಿಕನಗರದ ಗುಡಿಗೆ ದರ್ಶನಕ್ಕೆ ಹೋದರು. ಬೂಟು ಹೊರಗೆ ಬಿಟ್ಟು, ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಡೆದರು. ಮೊಮ್ಮಕ್ಕಳು ಕಾಲು ಸುಟ್ಟಿತೆಂದು ಕುಣಿಯುತ್ತಿದ್ದರೆ ಇವರು ನಗುತ್ತ ನಿಧಾನ ಹೋದರಂತೆ. ಅವರಿಗೆ ಬಿಸಿ ತಾಗಿರಲೇ ಇಲ್ಲ. ಆ ಸಂಜೆ ಕನ್ನಡಿ ಹಿಡಿದವರು ಏನೂ ಹೇಳದೆ ಕೂತುಬಿಟ್ಟರು. ನಾನು ಕಿಟಕಿಯಿಂದ ಓಡಿಹೋದೆ. ಬಲ ಅಂಗಾಲಿನ ಮುಂಭಾಗವೆಲ್ಲ ಒಂದೇ ನೀರ್ಗುಳ್ಳೆಯಾಗಿ ಉಬ್ಬಿತ್ತು.

ಹುಮನಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ದಿನ ಬಿಟ್ಟು ದಿನ ಡ್ರೆಸ್ಸಿಂಗು. ಬೆಳಗ್ಗೆ ನನ್ನ ಜೊತೆ ಬಸ್ಸಿನಲ್ಲಿ ಬರುವರು, ಮಧ್ಯಾಹ್ನ ಮಗ ಬಂದು ಕರೆದೊಯ್ಯುವನು. ಮೂರನೆಯ ವಾರ ಪಟ್ಟಿ ಬಿಚ್ಚಿದಾಗ ಬಂದ ವಾಸನೆಗೆ ನರ್ಸು ಒಮ್ಮೆ ಮುಖ ತಿರುಗಿಸಿದಳು. ಡಾಕ್ಟರು ಬಗ್ಗಿ ನೋಡಿ, ಮಾಸ್ಕು ಸರಿಸಿ ಹೇಳಿದರು: "ಪಾದದ ಮುಂದಿನ ಭಾಗ ಉಳಿಯಂಗಿಲ್ರಿ. ತಡ ಮಾಡಿದ್ರ ಮೊಣಕಾಲಿನ ತನಕ ತೆಗೀಬೇಕಾಗ್ತದ."

ಕಾಕು ನನ್ನ ಮಣಿಕಟ್ಟು ಹಿಡಿದರು. "ನಂಗ ಭಾಳ ಅಂಜಿಕಿ ಬಂದದ ಯವ್ವಾ. ಕೈ ಬಿಡಬ್ಯಾಡ." ಅವರ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ಅವರ ಪಾದದಲ್ಲಿ ನಾನು ನನ್ನ ಪಾದವನ್ನೇ ನೋಡುತ್ತಿದ್ದೆ, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಆಪರೇಶನ್ ಆಯಿತು. ಅರ್ಧ ಪಾದ ಹೋಯಿತು. ಮನೆಗೆ ಬಂದ ಕಾಕು ಗೋಡೆಗೆ ಮುಖ ಮಾಡಿ ಮಲಗಿದರು. ಗಾಯ ಮಾಯ್ದರೂ ಏಳಲಿಲ್ಲ. ನಡಿಗೆಯ ಮಾತೆತ್ತಿದರೆ ಕಣ್ಣು ಮುಚ್ಚುವರು. ಒಂದು ಮಧ್ಯಾಹ್ನ ಸೊಸೆ ಬಜಾರಿಗೆ ಹೋಗಿದ್ದಾಗ ನಾನು ಒಳಗೆ ಹೋದೆ. ಕಾಕು ಮಂಚದ ಮೇಲೆ ಕೂತು ಮಡಿಲಲ್ಲಿ ಏನನ್ನೋ ಸೆರಗಿನಿಂದ ಮುಚ್ಚಿದರು. ತುಟಿಯ ಮೇಲೆ ಪೇಡೆಯ ಪುಡಿ ಇತ್ತು. ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನನ್ನು ನೋಡಿದರು.

"ಯಾರಿಗೂ ಹೇಳಬ್ಯಾಡ" ಎಂದರು. ಆಮೇಲೆ, "ಇಷ್ಟು ವರ್ಷ ಬಾಯಿ ಕಟ್ಟಿ, ಕಾಲು ಸವೆಸಿ ಏನು ಸಿಕ್ತು? ಹ್ಯಾಂಗೂ ಉಳದದ್ದೂ ಹೋಗೋದದ. ತಿಂದಾದ್ರೂ ಹೋಗ್ಲಿ."

ಸಿಟ್ಟು ಬರಬೇಕಿತ್ತು. ಬಂದದ್ದು ಅಂಜಿಕೆ. ಈ ಹೆಂಗಸು ಕೈಬಿಟ್ಟರೆ ನನಗೆ ಇನ್ನು ದಾರಿಯೇ ಇಲ್ಲ ಅನ್ನಿಸಿತು. ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತು ಹೇಳಿಬಿಟ್ಟೆ: "ಕಾಕು, ನಾ ಒಂದು ವರ್ಷದಿಂದ ಟೆಸ್ಟ್ ಮಾಡಿಸಿಲ್ರಿ. ನಿಮಗ ಸುಳ್ಳು ಹೇಳಾಕತ್ತೇನಿ."

ಕಾಕು ಸೆರಗಿನಿಂದ ತುಟಿ ಒರೆಸಿಕೊಂಡರು. "ಯಾಕ?"

"ಅಂಜಿಕಿ."

ಅವರು ಮಡಿಲಲ್ಲಿದ್ದ ಪೇಡೆಯ ಡಬ್ಬಿಗೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. "ಮೊಮ್ಮಕ್ಕಳಿಗೆ ಕೊಡು" ಎಂದರು. ಆಮೇಲೆ, "ನಾಳಿ ಆಟೋ ಕರಿ. ಇಬ್ಬರೂ ಹೋಗಮು. ನೀ ಮುಂದ ನಡಿ, ನಾ ನಿನ್ನ ಹಿಂದ ಇರ್ತೀನಿ. ನನ್ನ ನಿನ್ನಿದು ನೀ ಕೇಳಬ್ಯಾಡ, ನಿಂದು ನಾನೂ ಕೇಳಂಗಿಲ್ಲ."

ಮರುದಿನ ಲ್ಯಾಬಿನ ಬೆಂಚಿನ ಮೇಲೆ ಇಬ್ಬರೂ ಕೈ ಕೈ ಹಿಡಿದು ಕೂತೆವು. ನನ್ನದು ಮುನ್ನೂರು ದಾಟಿತ್ತು. ಅವರದು ಅದಕ್ಕಿಂತ ಹೆಚ್ಚು. ಸಂಖ್ಯೆ ಓದಿದಾಗ ನನಗೆ ಅವ್ವನ ತೋಳಿನ ಆ ಗುಂಯ್ ಸದ್ದು ಕೇಳಿಸಿತು. ಕಾಕು ಚೀಟಿಯನ್ನು ಮಡಚಿ, ನನ್ನ ಬೆನ್ನು ತಟ್ಟಿ, "ಇನ್ನ ಡಾಕ್ಟರ್ ಕಡಿ ನಡಿ" ಎಂದರು. ಆ ದಿನ ಡಾಕ್ಟರು ನನ್ನ ಗುಳಿಗೆ ಬದಲಿಸಿದರು, ಅವರಿಗೆ ಇನ್ಸುಲಿನ್ ಹೆಚ್ಚಿಸಿದರು. ನನಗೆ ಕಿಡ್ನಿಯ ಟೆಸ್ಟನ್ನೂ ಬರೆದುಕೊಟ್ಟರು. ಅದರ ಫಲಿತಾಂಶ ಬರುವ ತನಕ ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಕಿಡ್ನಿ ಇನ್ನೂ ಚೆನ್ನಾಗಿತ್ತು. ಇನ್ನೊಂದು ವರ್ಷ ಬಚ್ಚಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಕಾಕು ಹೊಸದಾಗಿ ನಡೆಯಲು ಕಲಿತರು. ವಾಕರ್ ಹಿಡಿದು ಮೊದಲು ಮಂಚದಿಂದ ಬಾಗಿಲಿಗೆ. ಆಮೇಲೆ ಬಾಗಿಲಿನಿಂದ ಅಡಿಗೆಮನೆಗೆ. ಕಾಲು ನೋವಾದ ದಿನ ಕುರ್ಚಿಯ ಮೇಲೆ ಕೂತು ನೀರು ತುಂಬಿದ ಎರಡು ಬಾಟಲಿ ಎತ್ತಿ ಇಳಿಸುವರು. ನಾಲ್ಕು ದಿನ ಬಿಟ್ಟದ್ದೂ ಉಂಟು, ಹಬ್ಬದಲ್ಲಿ ತಿಂದದ್ದೂ ಉಂಟು. ಮರುದಿನ ಮತ್ತೆ ಬಾಟಲಿ. ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಓಣಿ ದಾಟಿ ನನ್ನ ಕಟ್ಟೆಯ ತನಕ ಬಂದರು. ಹತ್ತು ಮಾರು ದಾರಿ. ಬಿದ್ದರೆ ಹೇಗೆ ಎಂದು ನಾನು ಎರಡೂ ಕೈ ಚಾಚಿ ಹಿಂದೆ ಹಿಂದೆ ಬಂದೆ. ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತ, "ನೀರು ಕೊಡು. ಹಿಂಗ ಪರೇಶಾನ್ ಆಗಿ ನನ್ನ ಮಾರಿ ನೋಡಬ್ಯಾಡ" ಎಂದು ನಕ್ಕರು.

ಅದಾದ ಮೇಲೆ ಎರಡು ವರ್ಷ ಇದ್ದರು. ಕಳೆದ ಚಳಿಗಾಲದಲ್ಲಿ ಉಸಿರು ಕಟ್ಟತೊಡಗಿತು. ಹೃದಯ ಸೋತಿದೆ ಎಂದು ಹುಮನಾಬಾದಿನ ದವಾಖಾನೆಯಲ್ಲಿ ಇಟ್ಟುಕೊಂಡರು. ಮೂರು ದಿನ ನಾನು ಬಸ್ಸಿಳಿದು ನೇರ ಅಲ್ಲಿಗೆ, ಅಲ್ಲಿಂದ ಶಾಲೆಗೆ. ಮುಂಜಾನೆಯ ನಡಿಗೆಯ ನೆನಪು ಯಾರಿಗಿತ್ತು? ಮೂರನೆಯ ದಿನ ಮಧ್ಯಾಹ್ನ ಮತ್ತೆ ಹೋದಾಗ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ್ದರು. ಕಣ್ಣು ತೆರೆದು ನನ್ನ ಗುರುತು ಹಿಡಿದು ಕೇಳಿದರು:

"ಇವತ್ತ ಹೋಗಿದ್ದೇನು?"

"ಹೋಗಿದ್ದೆ ಕಾಕು" ಎಂದೆ.

ಅವರು ಕಣ್ಣು ಮುಚ್ಚಿದರು. ನಾನು ಹೊರಗೆ ಬಂದೆ. ಸಾಯುವ ಹೊತ್ತಿನಲ್ಲಿದ್ದವರಿಗೂ ಸುಳ್ಳು ಹೇಳಿದ್ದೆ. ಅದನ್ನು ನಿಜ ಮಾಡಿಬಿಡಬೇಕೆಂದು, ಶಾಲೆಗೆ ರಜೆ ಹೇಳಿ, ಮಾಣಿಕನಗರದ ರಸ್ತೆ ಹಿಡಿದು ನಡೆದೆ. ಆಟೋದವರು ನಿಲ್ಲಿಸಿ ಕರೆದರು, ಹತ್ತಲಿಲ್ಲ. ಅಲ್ಲಿಯ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಅವರು ತೀರಿಕೊಂಡರೆ ಎಂಬ ಹೆದರಿಕೆಯಿಂದ ಬರುವಾಗ ಅರ್ಧ ಓಡಿದೆ. ಬಂದಾಗ ಕಾಕು ನಿದ್ದೆಯಲ್ಲಿದ್ದರು. ಹೊರಗಿನ ಬೆಂಚಿನಲ್ಲಿದ್ದ ಮಗ, "ಎಬ್ಬಿಸಬ್ಯಾಡ್ರಿ ಅಕ್ಕಾ, ಈಗ ಕಣ್ಣು ಹತ್ಯಾವ" ಎಂದ. ಸಂಜೆಯ ಬಸ್ಸಿಗೆ ಮನೆಗೆ ಹೊರಟೆ. ಮರುದಿನ ಬೆಳಗ್ಗೆ ಅವನ ಫೋನು ಬಂತು.

ಆ ಮಧ್ಯಾಹ್ನ ನಾನು ನಿಜವಾಗಿಯೂ ನಡೆದೆನೆಂಬುದು ಅವರಿಗೆ ತಿಳಿಯಲೇ ಇಲ್ಲ.

ಈಗ ಮೂರು ತಿಂಗಳಿಗೊಮ್ಮೆ ಒಬ್ಬಳೇ ಲ್ಯಾಬಿಗೆ ಹೋಗುತ್ತೇನೆ. ಬೆಂಚಿನ ಮೇಲೆ ಕೂತಾಗ ಈಗಲೂ ಅಂಜಿಕೆಯಾಗುತ್ತದೆ. ಒಮ್ಮೆ ಏರಿರುತ್ತದೆ, ಒಮ್ಮೆ ಇಳಿದಿರುತ್ತದೆ. ಕೆರೆಯ ಕಡೆ ಹೋಗುವ ದಿನಗಳೇ ಹೆಚ್ಚು, ಹೋಗದ ದಿನಗಳೂ ಇವೆ. ಹೋಗದ ದಿನ ಯಾರಾದರೂ ಕೇಳಿದರೆ, ಹೋಗಿಲ್ಲ ಎಂದೇ ಹೇಳುತ್ತೇನೆ.