ಮುನಿಯಪ್ಪನವರ ವೈಫೈ ಸರದಿ

ಅಪ್‌ಡೇಟ್ ಬಂದಿದೆ ಅಂದರೆ ಲೋಕವೆಲ್ಲ 'ಆಮೇಲೆ' ಅನ್ನೋ ಗುಂಡಿ ಒತ್ತಿ ಮುಂದೆ ಹೋಗುತ್ತೆ. ಅಮೃತಹಳ್ಳಿಯ ನಮ್ಮ ಮನೆ ಓನರ್ ಮುನಿಯಪ್ಪನವರು ಮಾತ್ರ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತು 'ಹೊಸದೇನಿದೆ' ಅನ್ನೋ ಪಟ್ಟಿಯನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಇಂಗ್ಲಿಷ್ ಪದ ಎಲ್ಲಾದರೂ ಅಡ್ಡ ಬಂದರೆ ಮೆಟ್ಟಿಲಿಳಿದು ಬಂದು ನನ್ನ ಬಾಗಿಲು ತಟ್ಟೋರು. "ಟೀಚ್ರಮ್ಮ, ಶೆಡ್ಯೂಲು ಅಂದ್ರೇನು, ವಸಿ ಯೋಳಿ."

ಗದ್ದೆಯಿದ್ದ ಜಾಗದಲ್ಲಿ ಹದಿನಾರು ಮನೆ ಕಟ್ಟಿಸಿದ್ದರು. ಮಹಡಿಗೊಂದು ವೈಫೈ ಡಬ್ಬ. ಅವಕ್ಕೆಲ್ಲ ಅಪ್ಪಣೆ ಕೊಡೋ ಕಂಟ್ರೋಲರ್ ಸಾಫ್ಟ್‌ವೇರ್ ಅವರ ಲ್ಯಾಪ್‌ಟಾಪಿನಲ್ಲಿ. ಬೇರೆಯವರು ಮುಟ್ಟೋ ಹಾಗಿಲ್ಲ. ಅವರಪ್ಪ ಊರಿನ ನೀರಗಂಟಿಯಾಗಿದ್ದರಂತೆ. ಕೆರೆಯ ತೂಬೆತ್ತಿ, ಗದ್ದೆಗದ್ದೆಗೂ ಸರದಿ ಪ್ರಕಾರ ನೀರು ಬಿಡೋ ಕೆಲಸ.

ಆ ಸಲದ ಅಪ್‌ಡೇಟಿನಲ್ಲಿ ಎರಡು ಹೊಸ ಸೌಕರ್ಯ ಬಂದಿದ್ದವು. ಯಾವ ಮಹಡಿಗೆ ಯಾವ ಹೊತ್ತು ನೆಟ್ ಅಂತ ಗೊತ್ತುಮಾಡಬಹುದು, ಯಾರಿಗೆ ಎಷ್ಟು ವೇಗ ಅಂತಲೂ. ಓದಿದ್ದೇ ತಡ, ಮುನಿಯಪ್ಪನವರ ಮೈಮೇಲೆ ಅವರಪ್ಪ ಬಂದುಬಿಟ್ಟರು! ಕೊನೆಗದ್ದೆಗೆ ಮೊದಲು ನೀರು, ತೂಬಿನ ಪಕ್ಕದ ಗದ್ದೆಗೆ ಕೊನೆಗೆ. ಹಾಗಾಗಿ ಬೆಳಗಿನ ನೆಟ್ಟೆಲ್ಲ ಮೂರನೇ ಮಹಡಿಗೆ, ನಮ್ಮ ನೆಲಮಹಡಿಗೆ ಸಂಜೆ ನಾಲ್ಕರ ಮೇಲೆ. ಮುಖ್ಯ ಡಬ್ಬ ಇದ್ದದ್ದು ನನ್ನ ಗೋಡೆಯ ಆಚೆಗೆ! ಮುನಿಯಪ್ಪನವರ ಸ್ವಂತ ಮನೆ ಮೂರನೇ ಮಹಡಿಯಲ್ಲಿತ್ತು ಅನ್ನೋದು ಬೇರೆ ಮಾತು.

"ಅಲ್ರೀ, ವೈಫೈ ಏನ್ ನೀರಾ? ದಾರೀಲಿ ಇಂಗೋಗುತ್ತಾ?" ಅಂತ ರೇಗಿದೆ.

"ತೂಬಿನ ತಾವ ಇರೋರು ಎಂಗೋ ಕುಡ್ಕೋತಾರೆ ಕಣಮ್ಮ. ಕಡೆಯೋರ್ಗೆ ಯಾರವ್ರೆ?"

ನಾನು ಹೆಂಗೂ ಕುಡೀಲಿಲ್ಲ. ಮೊಬೈಲ್ ಸಿಗ್ನಲ್ಲಂತೂ ನನ್ನ ಮನೆಗೆ ಇಣುಕಿಯೂ ನೋಡುತ್ತಿರಲಿಲ್ಲ. ಹೊಟ್ಟೆ ಉರಿಸಿಕೊಂಡು ಕೂತೆ.

ಆಗ ನನಗೆ ಕೆಲಸ ಹೋಗಿ ಎಂಟು ತಿಂಗಳು. ಚಿಕ್ಕಜಾಲದ ಆಚೆಯ ಶಾಲೆಯೊಂದು, ವಿಡಿಯೋದಲ್ಲಿ ಒಂದು ಪಾಠ ಮಾಡಿ ತೋರಿಸಿ ಅಂದಿತ್ತು, ಬೆಳಗ್ಗೆ ಹನ್ನೊಂದಕ್ಕೆ. ಇದೂ ತಪ್ಪಿದರೆ ಸೀಮೆಸುಣ್ಣಕ್ಕೆ ಕೈಮುಗಿದು, ಹತ್ತಿರದ ಮಾಲ್‌ನಲ್ಲಿ ಬಿಲ್ ಹಾಕೋಕೆ ಸೇರೋದು ಅಂತ ತೀರ್ಮಾನಿಸಿದ್ದೆ. ಮರ್ಯಾದೆ ಬಿಟ್ಟು ಮೇಲೆ ಹೋಗಿ ಬೇಡಿದೆ. "ಒಂದೇ ಒಂದು ಗಂಟೆ ನನ್ನ ಕಡೆ ತಿರುಗಿಸಿ."

"ಸರದಿ ಮುರಿದ್ರೆ ನಮ್ಮಪ್ಪ ಕನಸಲ್ಲಿ ಬಂದು ಒದೀತಾನೆ" ಅಂದರು. ತಲೆ ಕೆರೆದುಕೊಂಡರು. "ನೀರು ಗದ್ದೆತಾವ್ಕೆ ಬರ್ದಿದ್ರೆ ಗದ್ದೇನೇ ನೀರ್ತಾವ್ಕೆ ಬರ್ಲಿ. ನಮ್ಮನೇಲೇ ಕುಂತ್ಕೊಂಡು ಪಾಠ ಮಾಡಿ."

ಆ ದಿನ ಟಿವಿ ಆರಿಸಿ, ಕುಕ್ಕರ್ ಇಳಿಸಿ, ಹೆಂಡತಿಯನ್ನು ಬಾಲ್ಕನಿಗೆ ಅಟ್ಟಿ, ತಾವು ಬಾಗಿಲಲ್ಲಿ ಕಾವಲು ಕೂತರು. ನೆಟ್ ಚೆನ್ನಾಗಿಯೇ ಬರುತ್ತಿತ್ತು. ಪರದೆಯಲ್ಲಿ ಶಾಲೆಯ ಹೆಡ್‌ಮಿಸ್ಸು, ಇನ್ನಿಬ್ಬರು ಟೀಚರುಗಳು. ಅವರನ್ನೇ ಮಕ್ಕಳು ಅಂದುಕೊಂಡು ನಾನು ಭಿನ್ನರಾಶಿ ಶುರುಮಾಡಿ, "ಮಕ್ಕಳೇ, ಅರ್ಧ ದೊಡ್ಡದೋ, ಮುಕ್ಕಾಲು ದೊಡ್ಡದೋ?" ಅಂತ ಕೇಳಿದೆ.

ಬಾಗಿಲ ಕಡೆಯಿಂದ ದನಿ ಬಂತು. "ಯಾವ ಗದ್ದೇಲಿ ಅಂತ ಯೋಳಮ್ಮ! ದೊಡ್ಡ ಗದ್ದೇಲಿ ಅರ್ಧ, ಸಣ್ಣ ಗದ್ದೆ ಮುಕ್ಕಾಲ್ಗಿಂತ ಜಾಸ್ತಿ!"

ಅಯ್ಯೋ ಶಿವನೇ! ಹೆಡ್‌ಮಿಸ್ಸು ಮಾತ್ರ, "ಅವರು ಕೇಳಿದ್ದಕ್ಕೆ ಉತ್ತರ ಕೊಡಿ, ನೋಡೋಣ" ಅಂದರು. ಸಿದ್ಧ ಮಾಡಿಕೊಂಡಿದ್ದ ಪಾಠ ಬಿಟ್ಟು, ಹಾಳೆಯ ಮೇಲೆ ಒಂದು ದೊಡ್ಡ ಗದ್ದೆ, ಒಂದು ಸಣ್ಣ ಗದ್ದೆ ಬರೆದು, ಮುನಿಯಪ್ಪನವರಿಗೇ ಭಿನ್ನರಾಶಿ ಹೇಳಿಕೊಟ್ಟೆ.

ವಾರವೆಲ್ಲ ಅವರು ದಿನಾ ಬಂದು, "ನನ್ ಬಾಯಿಂದ ಕೆಟ್ಟೋಯ್ತಾ?" ಅಂತ ಕೇಳೋರು. ಏಳನೇ ದಿನ ನಾನು ತರಕಾರಿಗೆ ಅಂತ ಬೀದಿಗೆ ಹೋಗಿದ್ದಾಗ ಹೆಡ್‌ಮಿಸ್ ಫೋನ್ ಮಾಡಿದರು. ಆ ಯಜಮಾನರಿಗೆ ತಾಳ್ಮೆಯಿಂದ ಹೇಳಿಕೊಟ್ಟಿರಲ್ಲ, ಅದನ್ನು ನೋಡಿಯೇ ನಿಮ್ಮನ್ನು ತಗೊಂಡ್ವಿ ಅಂದರು. ಓಡಿಹೋಗಿ ಹೇಳಿದೆ. ಮುನಿಯಪ್ಪನವರು ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದರು.

ಶಾಲೆ ದೂರವಾದ್ದರಿಂದ ಮನೆ ಖಾಲಿ ಮಾಡಬೇಕಾಯಿತು. ನಾನು ಅವರನ್ನು ನೋಡಿದ್ದು ಟೆಂಪೋಗೆ ಸಾಮಾನು ಹತ್ತಿಸಿದ ಆ ದಿನವೇ ಕೊನೆ. ಗೇಟಿನ ಹತ್ತಿರ ನಿಂತಿದ್ದರು.

"ಅವತ್ತು ನಾನು ಬಾಯ್ ಮುಚ್ಕೊಂಡು ಕುಂತಿದ್ರೆ ನೀವು ಇಲ್ಲೇ ಇರ್ತಿದ್ರಿ, ಅಲ್ವಾ ಟೀಚ್ರಮ್ಮ?"

"ಹೂಂ" ಅಂದೆ. ಟೆಂಪೋ ಹತ್ತಿ ಕೂತೆ.