ಬೆಂದ ಕಡಲೆಯ ಲೆಕ್ಕ

ಕಡೂರಿನ ಡಾಕ್ಟರು ನನ್ನ ಸಕ್ಕರೆ ಕಾಯಿಲೆಗೆ ಬರೆದುಕೊಟ್ಟ ಪಥ್ಯದ ಚೀಟಿಯಲ್ಲಿ ‘ಬೇಯಿಸಿದ ಕಡಲೆಕಾಳು, ನೂರು ಗ್ರಾಂ’ ಎಂದಿತ್ತು. ‘ಬೇಯಿಸಿದ’ ಎನ್ನುವುದರ ಕೆಳಗೆ ಒಂದು ಗೆರೆ ಬೇರೆ. ನೋಡಿ ನಗು ಬಂತು. ಈ ಗೆರೆಯನ್ನು ಯಾರಾದರೂ ಆಗಲೇ ಎಳೆದುಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು, ನೀವೇ ಹೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗೃಹವಿಜ್ಞಾನದ ಡಿಗ್ರಿ ಹೊತ್ತು ಅಜ್ಜಂಪುರಕ್ಕೆ ಸೊಸೆಯಾಗಿ ಬಂದೆ. ಆ ಮನೆಯಲ್ಲಿ ಕಾಳು ಅಳೆಯುತ್ತಿದ್ದುದು ಹಿತ್ತಾಳೆಯ ಪಾವಿನಲ್ಲಿ, ಅಳೆಯುತ್ತಿದ್ದವರು ಅತ್ತೆ ಒಬ್ಬರೇ. ಪಾವು ಯಾರ ಕೈಯಲ್ಲಿದೆಯೋ ಅವರದೇ ಯಜಮಾನಿಕೆ. ಗೋಪುರದ ಹಾಗೆ ತಲೆಗಟ್ಟಿ ತುಂಬಿದರೆ ಒಂದು ಲೆಕ್ಕ, ಬಾಯಿಮಟ್ಟಕ್ಕೆ ಗೀರಿ ತುಂಬಿದರೆ ಇನ್ನೊಂದು, ಇದೂ ಒಂದು ಅಳತೆಯಾ ಎಂದು ನಾನು ಗಂಡನಿಗೆ ಉಪನ್ಯಾಸ ಕೊಡುತ್ತಿದ್ದೆ. ಪಾಪ, ಹೂಂಗುಟ್ಟುತ್ತಿದ್ದರು.

ಮದುವೆಯಾಗಿ ಮೂರು ತಿಂಗಳಿಗೆ ನಾದಿನಿ ಗಿರಿಜೆಯನ್ನು ನೋಡಲು ಯಗಟಿಯಿಂದ ಗಂಡಿನವರು ಮೂವತ್ತು ಜನ ಬರುವುದೆಂದಾಯಿತು. ಅತ್ತೆಗೆ ಜ್ವರ. ಉಸಲಿಗೆ ಕಡಲೆ ನೆನೆಹಾಕು ಎಂದು ಮೊದಲ ಬಾರಿಗೆ ಪಾವನ್ನು ನನ್ನ ಕೈಗೆ ಕೊಟ್ಟರು. ನಾನದನ್ನು ಪಕ್ಕಕ್ಕಿಟ್ಟು ಕಾಲೇಜಿನ ಪುಸ್ತಕ ತೆಗೆದೆ. ತಲೆಗೆ ನೂರು ಗ್ರಾಂ, ಮೂವತ್ತು ತಲೆಗೆ ಮೂರು ಕಿಲೋ. ಅಂಗಡಿಯಿಂದ ಮೂರು ಕಿಲೋ ಒಣಕಡಲೆ ತೂಗಿಸಿ ತರಿಸಿ ನೆನೆಹಾಕಿದೆ. ಪುಸ್ತಕದ ಲೆಕ್ಕ ಬೆಂದ ಕಾಳಿನದು ಎಂಬುದು ಫಸ್ಟ್ ಕ್ಲಾಸಿನವಳ ಕಣ್ಣಿಗೆ ಬೀಳಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು. ಬೆಳಿಗ್ಗೆ ಕಡಲೆ ಉಬ್ಬಿ ಮುಚ್ಚಳ ಎತ್ತಿತ್ತು. ಬೆಂದ ಮೇಲೆ ಏಳು ಕಿಲೋ ದಾಟಿತು. ನೆಂಟರು ಉಂಡು, ಬೀದಿಗೆಲ್ಲ ಹಂಚಿದರೂ ಉಳಿಯುವಷ್ಟು.

ಗಂಡಿನ ತಾಯಿ ಅಡುಗೆಮನೆಗೆ ಬಂದು ಎರಡು ದೊಡ್ಡ ಪಾತ್ರೆಗಳನ್ನೂ ನೋಡಿದರು.

“ಇಷ್ಟೊಂದು ನೆನೆಹಾಕಿದ್ಯಾರಮ್ಮ?”

ನಾನು ಸೌಟು ಹುಡುಕುವವಳ ಹಾಗೆ ಬಗ್ಗಿದೆ. ರೇಷ್ಮೆ ಸೀರೆಯಲ್ಲಿ ಗೋಡೆಗೊರಗಿ ನಿಂತಿದ್ದ ಗಿರಿಜೆ ತಲೆ ಎತ್ತದೆ, “ನಾನೇ. ಅಂದಾಜು ಸಿಗ್ಲಿಲ್ಲ,” ಎಂದಳು.

ನಾನು ಸುಮ್ಮನಿದ್ದೆ. ಅದಕ್ಕೆ ಈಗಲೂ ನನ್ನಲ್ಲಿ ಸಮಜಾಯಿಷಿ ಇಲ್ಲ.

ಸಂಬಂಧವೇನೋ ಕುದುರಿತು. ಆದರೆ ಯಗಟಿಯ ಮನೆಯಲ್ಲಿ ಅವಳ ಅತ್ತೆ ಒಂದು ದಿನವೂ ಪಾವನ್ನು ಅವಳ ಕೈಗೆ ಕೊಡಲಿಲ್ಲ. ‘ಕೈಯಲ್ಲಿ ಲೆಕ್ಕವಿಲ್ಲದವಳು’ ಎಂಬ ಹೆಸರು ನಿಂತುಬಿಟ್ಟಿತು. ಹಬ್ಬಕ್ಕೆ ಬಂದಾಗ, ಅವರು ಅಳೆದುಕೊಡುತ್ತಾರೆ ನಾನು ಬೇಯಿಸುತ್ತೇನೆ ಎಂದು ಅವಳೇ ನಗುತ್ತಿದ್ದಳು. ನಾಚಿಕೆಗೆಟ್ಟು ನಾನೂ ನಗುತ್ತಿದ್ದೆ. ಆ ಮುದುಕಿ ತೀರಿಕೊಳ್ಳುವ ಹೊತ್ತಿಗೆ ಗಿರಿಜೆಗೇ ಸೊಸೆ ಬಂದಿದ್ದಳು. ಕಡಲೆಯ ಕಥೆ ಆ ಹುಡುಗಿಯ ಕಿವಿಗೂ ಬಿದ್ದಿತ್ತು. ಪಾವು ಗಿರಿಜೆಯನ್ನು ದಾಟಿ ನೇರ ಸೊಸೆಯ ಕೈ ಸೇರಿತು.

ಇವತ್ತು ಬೆಂದ ಕಡಲೆಯನ್ನು ತೂಗಿದೆ. ನೂರು ಗ್ರಾಮೆಂದರೆ ಅರ್ಧ ಪಾವಿಗಿಂತ ತುಸು ಹೆಚ್ಚು, ಅಷ್ಟೇ. ತಿನ್ನಲು ಮನಸ್ಸಾಗಲಿಲ್ಲ. ಯಗಟಿಗೆ ಫೋನ್ ಮಾಡಿ, ಎತ್ತಿದ ಗಿರಿಜೆಗೆ, ಸೊಸೆಗೆ ಕೊಡು ಎಂದೆ. ಅವತ್ತು ಕಡಲೆ ನೆನೆಹಾಕಿದ್ದು ನಾನು, ನಿಮ್ಮತ್ತೆ ನನ್ನ ಮಾನ ಉಳಿಸಿದಳು ಎಂದು ಹೇಳಿಬಿಟ್ಟೆ. ಆ ಕಡೆಯಿಂದ ಡಬ್ಬದ ಮುಚ್ಚಳ ತೆಗೆದ ಸದ್ದು, ದೂರದಿಂದ ಆ ಹುಡುಗಿಯ ದನಿ: “ಅತ್ತೇ, ತಗಳಿ. ಇನ್ಮೇಲೆ ಪಾವು ನಿಮ್ಮತ್ರನೇ ಇರ್ಲಿ.”

ಗಿರಿಜೆ ಫೋನಿಗೆ ಬಂದಳು. ಸೊಸೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

“ಅತ್ತಿಗೆ, ಒಂದು ಪಾವು ಕಡಲೆ ಬೆಂದ್ರೆ ಎಷ್ಟಾಗುತ್ತೆ? ನಂಗೆ ನಿಜವಾಗ್ಲೂ ಗೊತ್ತಿಲ್ಲ ಕಣ್ರೀ.”

“ಎರಡೂವರೆ,” ಎಂದೆ.